ಹಾಸ್ಯ ಪಾತ್ರವೇ ಕಸುಬಾಗಬೇಕಾದರೆ: ಮಂಡ್ಯ–ಮೈಸೂರಿನ ನಟಿಯರಿಗೆ ಒಂದು ಕೈಪಿಡಿ

ಹಾಸ್ಯ ಪಾತ್ರದ ನಟಿಗೆ ನಾಯಕಿಗಿಲ್ಲದ ಒಂದು ಅನುಕೂಲವಿದೆ. ವಯಸ್ಸಾದಷ್ಟೂ ಅವಳಿಗೆ ಕೆಲಸ ಹೆಚ್ಚು. ಮೂವತ್ತಕ್ಕೇ ಅಜ್ಜಿ ಪಾತ್ರ ಹಿಡಿದವಳು ಅರವತ್ತಾದರೂ ಅದನ್ನೇ ಮಾಡಬಹುದು, ಆಗ ವಿಗ್ಗಿನ ಖರ್ಚೂ ಉಳಿಯುತ್ತದೆ. ಅನಾನುಕೂಲವೂ ಒಂದಿದೆ. ಒಂದು ಧಾರಾವಾಹಿಯಲ್ಲಿ ಜೋರುಬಾಯಿಯ ಪಕ್ಕದಮನೆಯಾಕೆಯಾಗಿ ಹೆಸರು ಮಾಡಿದರೆ ಮುಂದಿನ ನಾಲ್ಕು ಕರೆಯೂ ಜೋರುಬಾಯಿಯ ಪಕ್ಕದಮನೆಯಾಕೆಗೇ ಬರುತ್ತವೆ. ಐದನೆಯ ಹೊತ್ತಿಗೆ ಜನಕ್ಕೂ ಸಾಕಾಗಿರುತ್ತದೆ, ಡೈರೆಕ್ಟರಿಗೂ ಸಾಕಾಗಿರುತ್ತದೆ. ಇದರಿಂದ ತಪ್ಪಿಸಿಕೊಳ್ಳುವ ದಾರಿ ಹೊಸ ಜೋಕು ಕಲಿಯುವುದರಲ್ಲಿಲ್ಲ, ಪಾತ್ರ ಕಟ್ಟುವುದು ಕಲಿಯುವುದರಲ್ಲಿದೆ. ಈ ಬರಹದ ಹೆಚ್ಚಿನ ಪಾಲು ಅದಕ್ಕೇ ಮೀಸಲು. ಉಳಿದದ್ದು ಊರು, ಬಸ್ಸು, ದುಡ್ಡಿನ ವಿಚಾರ.

ಈ ಕಸುಬಿನಲ್ಲಿ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಉಮಾಶ್ರೀ ಅವರ ದಾರಿ ನೋಡಿದರೆ ಸಾಕು. ರಂಗಭೂಮಿಯಿಂದ ಬಂದವರು. ಸಿನಿಮಾದಲ್ಲಿ ಎನ್.ಎಸ್. ರಾವ್ ಜೋಡಿಯಾಗಿ ವರ್ಷಗಟ್ಟಲೆ ಹಾಸ್ಯ ಪಾತ್ರಗಳನ್ನೇ ಮಾಡಿದರು. 2007ರ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದು ಗಿರೀಶ್ ಕಾಸರವಳ್ಳಿ ಅವರ ಗಂಭೀರ ಚಿತ್ರವೊಂದಕ್ಕೆ. ಆಮೇಲೆ ಕಿರುತೆರೆಯಲ್ಲಿ ಒಂದಿಡೀ ಧಾರಾವಾಹಿಯನ್ನು ಹೆಗಲ ಮೇಲೆ ಹೊತ್ತರು. ನಗಿಸಲು ಬೇಕಾದ ಕಿವಿ, ಉಸಿರು, ತಾಳ್ಮೆಗಳೇ ಅಳಿಸಲೂ ಬೇಕು. ನಗಿಸಬಲ್ಲವಳು ಅಳಿಸಬಲ್ಲಳು, ಆದರೆ ಬರೀ ಅಳಿಸಿ ಗೊತ್ತಿರುವವಳನ್ನು ಹಾಸ್ಯಕ್ಕೆ ನಿಲ್ಲಿಸಿದರೆ ಬಹಳ ಸಲ ಕೈಕೊಡುತ್ತಾಳೆ.

ಎಲ್ಲಿ ಕಲಿಯುವುದು

ಮೈಸೂರಿನಲ್ಲಿ ಇದಕ್ಕೆ ಬರವಿಲ್ಲ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಒಂದು ವರ್ಷದ ರಂಗಶಿಕ್ಷಣ ಡಿಪ್ಲೊಮಾ ನಡೆಸುತ್ತದೆ. ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಅವರ ‘ನಟನ’ ಇದೆ, ಅದಕ್ಕೆ ತನ್ನದೇ ರಂಗಮಂದಿರವೂ ಇದೆ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಇದೇ ಊರಿನಲ್ಲಿದೆ. ಮನೆ ಬಿಟ್ಟು ಹೋಗಲು ಆಗುವುದಾದರೆ ಹೆಗ್ಗೋಡಿನ ನೀನಾಸಂ. ಮಂಡ್ಯದಲ್ಲೇ ಇದ್ದುಕೊಂಡು ಮಾಡುವುದಾದರೆ ಹವ್ಯಾಸಿ ತಂಡಗಳೇ ಗತಿ. ವಾರದಲ್ಲಿ ಮೂರು ಸಂಜೆ ತಾಲೀಮಿಗೆ ಕೊಡಲಾಗದವರು ತಂಡ ಸೇರದಿದ್ದರೇ ತಂಡಕ್ಕೆ ಒಳ್ಳೆಯದು.

ಯಾವ ಕೋರ್ಸಿನಲ್ಲೂ ‘ಹಾಸ್ಯ ನಟನೆ’ ಎಂಬ ಪ್ರತ್ಯೇಕ ವಿಷಯ ಹುಡುಕಬೇಡಿ. ಅಲ್ಲಿ ಸಿಗಬೇಕಾದದ್ದು ಉಸಿರಾಟ, ದೇಹ, ಹಾಡು, ಇನ್ನೊಬ್ಬರ ಮಾತು ಕೇಳಿಸಿಕೊಳ್ಳುವ ಗುಣ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಎದುರಿನವರ ಮಾತು ಕಿವಿಗೆ ಬೀಳದ ನಟಿ ಏನು ಮಾಡಿದರೂ ಟೈಮಿಂಗ್ ತಪ್ಪುತ್ತದೆ.

ಆಕಾಶವಾಣಿಯನ್ನು ಇತ್ತೀಚೆಗೆ ಎಲ್ಲರೂ ಮರೆತಿದ್ದಾರೆ. ಮೈಸೂರು ನಿಲಯದ ನಾಟಕ ವಿಭಾಗದ ಧ್ವನಿ ಪರೀಕ್ಷೆ ಪಾಸು ಮಾಡಿದರೆ ಸಿಗುವ ದುಡ್ಡು ದೊಡ್ಡದಲ್ಲ, ಪಾಠ ದೊಡ್ಡದು. ಅಲ್ಲಿ ಮುಖ ಇಲ್ಲ, ಸೆರಗು ಇಲ್ಲ, ಸೊಂಟದ ಮೇಲೆ ಕೈಯಿಲ್ಲ. ದನಿಯೊಂದರಲ್ಲೇ ನಗು ಬರಬೇಕು. ಸ್ಕ್ರಿಪ್ಟಿನ ಹಾಳೆ ಮಗುಚುವ ಸದ್ದು ಮೈಕಿಗೆ ಸಿಗುತ್ತದೆ, ಆದ್ದರಿಂದ ಪಿನ್ ತೆಗೆದು ಹಾಳೆಗಳನ್ನು ಬಿಡಿಬಿಡಿಯಾಗಿ ಪಕ್ಕಕ್ಕೆ ಸರಿಸುವುದು ರೂಢಿ.

ಪೆಂಡಾಲಿನ ನಾಟಕಗಳು

ಸುಗ್ಗಿ ಮುಗಿದ ಮೇಲೆ ಮುಂಗಾರು ಹಿಡಿಯುವವರೆಗೆ ಮದ್ದೂರು, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಹಬ್ಬ, ಜಾತ್ರೆಗೆ ಪೌರಾಣಿಕ ನಾಟಕ ಇದ್ದೇ ಇರುತ್ತದೆ. ಹೆಚ್ಚಾಗಿ ಕುರುಕ್ಷೇತ್ರವೇ. ಗಂಡು ಪಾತ್ರಗಳನ್ನು ಊರಿನವರೇ ಕೈಯಿಂದ ದುಡ್ಡು ಹಾಕಿ ಮಾಡುತ್ತಾರೆ. ಕೃಷ್ಣ, ದುರ್ಯೋಧನನಾಗಬೇಕಾದರೆ ಹೆಚ್ಚು ಹಾಕಬೇಕು. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಯಾರನ್ನು ಕರೆಸಬೇಕೆಂದು ಬಹುಪಾಲು ತೀರ್ಮಾನಿಸುವವರು ಹಾರ್ಮೋನಿಯಂ ಹಿಡಿದ ನಾಟಕದ ಮೇಷ್ಟ್ರು. ನಿಮ್ಮ ಫೋನ್ ನಂಬರು ಇರಬೇಕಾದದ್ದು ಅವರ ಹತ್ತಿರ.

ಇಲ್ಲಿ ಹೆಂಗಸಿನ ಹಾಸ್ಯಕ್ಕೆ ಜಾಗ ಕಡಿಮೆ. ಆದರೂ ಎರಡು ಸೀಸನ್ ಮಾಡುವುದು ಒಳ್ಳೆಯದು. ರಾತ್ರಿ ಒಂಬತ್ತಕ್ಕೆ ಬಣ್ಣ ಹಚ್ಚಿ ಬೆಳಗಿನ ಜಾವದವರೆಗೆ ದನಿ ಉಳಿಸಿಕೊಳ್ಳುವುದು, ನಿದ್ದೆಗಣ್ಣಿನ ಜನರನ್ನು ಎಬ್ಬಿಸುವುದು, ಎದುರು ಪಾತ್ರಧಾರಿ ಮಾತು ಮರೆತರೆ ಕಥೆ ದಾಟಿಸುವುದು ಇವು ಯಾವ ತರಗತಿಯಲ್ಲೂ ಇಷ್ಟು ಬೇಗ ಬರುವುದಿಲ್ಲ.

ಒಪ್ಪಿಕೊಳ್ಳುವ ಮೊದಲು ಮೇಷ್ಟ್ರ ಹತ್ತಿರ ಬಾಯಿಬಿಟ್ಟು ಕೇಳಿ: ಮುಂಗಡ ಎಷ್ಟು, ಬಾಕಿ ಯಾವಾಗ, ಎಷ್ಟು ಟ್ರಯಲ್‌ಗೆ ಬರಬೇಕು, ಡ್ರೆಸ್ಸು ಸೀನರಿಯವರದೋ (ಪರದೆ, ವೇಷ ಬಾಡಿಗೆಗೆ ಕೊಡುವವರು) ನಮ್ಮದೋ, ಹೋಗಿಬರುವ ಗಾಡಿ ಯಾರದು, ಬಣ್ಣ ಹಚ್ಚುವ ಜಾಗಕ್ಕೆ ಬಾಗಿಲು ಚಿಲಕ ಇದೆಯೋ ಇಲ್ಲವೋ, ಬಚ್ಚಲು ಎಲ್ಲಿ. ಬಾಕಿ ಹಣವನ್ನು ಕೊನೆಯ ಅಂಕಕ್ಕೆ ಮುಂಚೆಯೇ ತೆಗೆದುಕೊಳ್ಳಿ. ಬೆಳಗಾದ ಮೇಲೆ ಕಮಿಟಿಯವರು ಒಬ್ಬೊಬ್ಬರಾಗಿ ಮಲಗಲು ಹೋಗಿರುತ್ತಾರೆ, ಸಿಕ್ಕವರು ‘ನಂಗೊತ್ತಿಲ್ಲ ಕಣಮ್ಮ, ಅಣ್ಣನ್ ಕೇಳಿ’ ಅನ್ನುತ್ತಾರೆ.

ಶ್ರುತಿಯ ತಕರಾರು ಪ್ರತಿ ನಾಟಕದಲ್ಲೂ ಇದ್ದದ್ದೇ. ಗಂಡಸರ ಅನುಕೂಲಕ್ಕೆಂದು ಹಾರ್ಮೋನಿಯಂ ಪೆಟ್ಟಿಗೆ ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ನಿಂತಿರುತ್ತದೆ. ಹೆಣ್ಣು ಕಂಠಕ್ಕೆ ಸಾಮಾನ್ಯವಾಗಿ ಕಪ್ಪು ನಾಲ್ಕು, ಐದರ ಆಸುಪಾಸು ಬೇಕು. ಟ್ರಯಲ್‌ನಲ್ಲೇ ನಿಮ್ಮ ಕಂದಪದ್ಯಗಳಿಗೆ ಯಾವ ಮನೆ ಎಂದು ಬರೆಸಿಟ್ಟುಕೊಳ್ಳಿ. ಹಾಗೆ ಮಾಡದೆ ರಂಗದ ಮೇಲೆ ಸಿಕ್ಕಿದ ಶ್ರುತಿಗೆ ಕಿರುಚಿಕೊಂಡರೆ ಮಧ್ಯರಾತ್ರಿಗೇ ಗಂಟಲು ಕೂತು, ಕೊನೆಗೆ ಬರುವ ಶೋಕದ ಪದಕ್ಕೆ ದನಿಯೇ ಇರುವುದಿಲ್ಲ. ಮೈಕು ಎದುರಿಗೆ ನೆಟ್ಟಿರುತ್ತದೆ, ಬಾಯಿಗೂ ಅದಕ್ಕೂ ಒಂದು ಗೇಣು ಇರಲಿ. ಮಾತಿನ ಮಧ್ಯೆ ಮುಖ ಪಕ್ಕಕ್ಕೆ ತಿರುಗಿಸಿದರೆ ಆ ಮಾತು ಹಿಂದೆ ಕೂತವರಿಗೆ ಸತ್ತಂತೆಯೇ. ತಿರುಗುವುದಿದ್ದರೆ ಮಾತು ಮುಗಿಸಿ ತಿರುಗಿ.

ಪಾತ್ರ ಕಟ್ಟುವುದು

ಒಂದು ಪಾತ್ರ ಇಟ್ಟುಕೊಂಡೇ ನೋಡೋಣ. ನಿಂಗಮ್ಮ, ಐವತ್ತು ವರ್ಷ, ಮಹಿಳಾ ಸಂಘದ ವಾರದ ಕಂತು ವಸೂಲಿಗೆ ಮನೆಮನೆ ಸುತ್ತುವವಳು. ಸ್ಕ್ರಿಪ್ಟಿನಲ್ಲಿ ಅವಳಿಗೆ ಆರು ಮಾತು. ಹೊಸಬರು ಇಂಥ ಪಾತ್ರ ಸಿಕ್ಕಿದ ಕೂಡಲೇ ಕಾಸಗಲ ಕುಂಕುಮ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದನಿ ಎತ್ತರಿಸಿ ರೆಡಿ ಅನ್ನುತ್ತಾರೆ. ಹತ್ತು ನಿಮಿಷ ನಡೆಯುತ್ತದೆ ಆ ನಗು.

ಬೇಕಾದದ್ದು ನಾಲ್ಕು ವಿಚಾರ, ಈ ಕ್ರಮದಲ್ಲೇ. ಮೊದಲು, ಈಗ ಈ ಬಾಗಿಲಲ್ಲಿ ಅವಳಿಗೆ ಏನು ಬೇಕು. ನಿಂಗಮ್ಮನಿಗೆ ಬೇಕಾದದ್ದು ಐನೂರು ರೂಪಾಯಿ ಕಂತು. ಎರಡನೆಯದು, ಅವಳು ಏನನ್ನು ಮುಚ್ಚಿಡುತ್ತಿದ್ದಾಳೆ. ಅವಳದೇ ಎರಡು ಕಂತು ಬಾಕಿ ಇದೆ ಅಂದುಕೊಳ್ಳಿ. ಸ್ಕ್ರಿಪ್ಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಯಾರಿಗೂ ಹೇಳಬೇಡಿ. ಈ ಗುಟ್ಟು ಸೇರಿದ ಗಳಿಗೆಯಿಂದ ‘ದುಡ್ಡಿನ್ ವಿಸ್ಯದಲ್ ನಾನು ಕಟ್ಟುನಿಟ್ಟು’ ಎಂಬ ಸಪ್ಪೆ ಮಾತಿಗೂ ನಗು ಬರತೊಡಗುತ್ತದೆ, ಏಕೆಂದರೆ ಅದನ್ನು ಹೇಳುವಾಗ ನಿಮ್ಮ ಕಣ್ಣು ನೆಟ್ಟಗೆ ನಿಲ್ಲುವುದಿಲ್ಲ. ಮೂರನೆಯದು ದೇಹದಲ್ಲಿ ಒಂದೇ ಒಂದು ತೊಂದರೆ: ಎಡಮೊಣಕಾಲು ನೋವು, ಅಥವಾ ಅಳತೆಗೆ ದೊಡ್ಡದಾದ ಹವಾಯಿ ಚಪ್ಪಲಿ. ಎರಡು ಬೇಡ. ಎರಡಾದರೆ ಜನ ತೊಂದರೆ ನೋಡುತ್ತಾರೆ, ಹೆಂಗಸನ್ನು ನೋಡುವುದಿಲ್ಲ. ನಾಲ್ಕನೆಯದು ಕೈಗೊಂದು ಸಾಮಾನು. ನಿಂಗಮ್ಮನಿಗೆ ಎಲಡಿಕೆ ಚೀಲ ಸಾಕು.

ಸಾಮಾನಿನ ಆಟ ಮೂರು ಸಲಕ್ಕೆ ಮುಗಿಯಬೇಕು. ಮೊದಲ ಸಲ ಚೀಲ ಬಿಚ್ಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ, ಅಷ್ಟೇ. ಜನಕ್ಕೆ ರೂಢಿ ಗೊತ್ತಾಗಲಿ. ಎರಡನೆಯ ಸಲ ಬಿಚ್ಚುತ್ತಾಳೆ, ಸುಣ್ಣ ಮುಗಿದಿದೆ, ಸಾಲಗಾರಳ ಹತ್ತಿರವೇ ಸುಣ್ಣ ಈಸಿಕೊಳ್ಳುತ್ತಾಳೆ. ಮೂರನೆಯ ಸಲ ಬಿಚ್ಚಿದಾಗ ಅವಳದೇ ಕಂತಿನ ಪಾಸ್‌ಬುಕ್ ಕೆಳಗೆ ಬೀಳುತ್ತದೆ. ಮೊದಲ ಸಲವೇ ಚೇಷ್ಟೆ ಮಾಡಿಬಿಟ್ಟರೆ ಮೂರನೆಯದಕ್ಕೆ ಏರಲು ಮೆಟ್ಟಿಲೇ ಇರುವುದಿಲ್ಲ. ನಾಲ್ಕನೆಯ ಸಲ ಅದೇ ಚೀಲ ಹಿಡಿದರೆ ನಗು ಅರ್ಧಕ್ಕೆ ಇಳಿಯುತ್ತದೆ. ನಿನ್ನೆ ನಕ್ಕರು ಅಂತ ಇವತ್ತು ಐದನೆಯದು ಸೇರಿಸುವ ಕಲಾವಿದೆಯರಿದ್ದಾರೆ. ಎದುರಿನ ನಟರು ಅವರ ಜೊತೆ ಪಾತ್ರ ಮಾಡಲು ನಿಧಾನಕ್ಕೆ ಹಿಂಜರಿಯುತ್ತಾರೆ.

ಇಷ್ಟೆಲ್ಲದರ ನಡುವೆ ನಿಂಗಮ್ಮನಿಗೆ ತಾನು ತಮಾಷೆಯ ಹೆಂಗಸು ಅನ್ನುವುದು ಗೊತ್ತಿರಬಾರದು. ಅವಳಿಗೆ ಇದು ಮಾನದ ಪ್ರಶ್ನೆ. ನಟಿ ತನ್ನ ಮಾತಿಗೆ ತಾನೇ ಒಳಗೊಳಗೆ ನಗುತ್ತಿದ್ದರೆ ಅದು ಬಾಯಿಯ ಮೂಲೆಯಲ್ಲಿ ಕಾಣುತ್ತದೆ, ಅಲ್ಲಿಗೆ ಪಾತ್ರ ಹೋಯಿತು.

ಮಾತಿನ ಜೋಡಣೆ, ನಗುವಿಗೆ ಕಾಯುವುದು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಗಿಸುವ ಪದ ವಾಕ್ಯದ ನಡುವೆ ಸಿಕ್ಕಿಹಾಕಿಕೊಂಡರೆ ಅದರ ಹಿಂದೆ ಬರುವ ‘ಬಂದಿದ್ದಳು’, ‘ಹೇಳಿದಳು’ಗಳು ನಗುವಿನ ಮೇಲೆ ಕಾಲಿಡುತ್ತವೆ. ‘ಅವ್ಳು ಬೆಳಿಗ್ಗೆನೇ ಕಂತು ಕೇಳಕ್ಕೆ ಅಂತ ನಮ್ಮಟ್ಟಿಗೆ ಬಂದಿದ್ಲು ಕಣಕ್ಕ’ ಎಂಬ ಮಾತಿನಲ್ಲಿ ನಗು ಇಲ್ಲ. ಆಡುಮಾತಿನಲ್ಲಿ ಪದ ಹಿಂದೆ ಮುಂದೆ ಮಾಡುವ ಸಲುಗೆ ಇದೆ, ಬಳಸಿಕೊಳ್ಳಿ: ‘ಬೆಳಿಗ್ಗೆ ಬೆಳಿಗ್ಗೆನೇ ಬಂದ್ಲು ಕಣಕ್ಕ ನಮ್ಮಟ್ಟಿಗೆ. ನಂಗೆ ಮೈ ಉಸಾರಿಲ್ವಲ್ಲ, ನೋಡಕ್ ಬಂದವ್ಳೆ ಅನ್ಕಂಡೆ. ಬಂದಿದ್ದು... ಕಂತಿಗೆ.’ ಕೊನೆಯ ಪದದ ಮುಂಚೆ ಅರ್ಧ ಉಸಿರು ನಿಲ್ಲಿ. ಆ ಪದವನ್ನು ಒತ್ತಿ ಹೇಳಬೇಡಿ, ಕೆಳಗಿಳಿಸಿ ಹೇಳಿ. ಹೇಳಿದ ಮೇಲೆ ಮೈ ಅಲ್ಲಾಡಬಾರದು. ಸೆರಗು ಸರಿಮಾಡಿದರೂ ಜನರ ಕಣ್ಣು ಅಲ್ಲಿಗೆ ಹೋಗಿ ನಗು ಒಡೆಯುತ್ತದೆ. ಈ ಬಗೆಯ ಬದಲಾವಣೆಗೆ ನಿರ್ದೇಶಕರನ್ನು ಒಂದು ಮಾತು ಕೇಳಿಯೇ ಮಾಡಿ.

ನಗು ಬಂದಾಗ ಏನು ಮಾಡಬೇಕೆಂದು ಬಹಳ ಮಂದಿಗೆ ತಿಳಿಯದು. ನಗು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಏರುವಾಗ ಮಾತಾಡಿದರೆ ಜನ ಮುಂದಿನ ಮಾತು ಕೇಳಬೇಕೆಂದು ನಗು ನುಂಗಿಕೊಳ್ಳುತ್ತಾರೆ, ಮತ್ತೆ ಅಷ್ಟು ಸುಲಭಕ್ಕೆ ನಗುವುದಿಲ್ಲ. ಪೂರ್ತಿ ನಿಲ್ಲುವವರೆಗೆ ಕಾದರೆ ನಾಟಕ ತಣ್ಣಗಾಗುತ್ತದೆ. ಅರ್ಧಕ್ಕೆ ಇಳಿದಾಗ ಮುಂದಿನ ಮಾತು ಎತ್ತಿ, ಅದರ ಮೊದಲ ಎರಡು ಪದ ಮಾತ್ರ ಸ್ವಲ್ಪ ಜೋರಿರಲಿ. ಕಾಯುವಾಗ ಸುಮ್ಮನೆ ನಿಂತು ಜನರನ್ನು ನೋಡಬೇಡಿ. ಪಾತ್ರ ಏನೋ ಯೋಚಿಸುತ್ತಿರಲಿ.

ಜಾಗ ನೋಡಿ ಅಳತೆ ಬದಲಿಸಬೇಕು. ರಂಗಾಯಣದ ಭೂಮಿಗೀತದಂಥ ಮುಚ್ಚಿದ ಜಾಗದಲ್ಲಿ ನಗು ಗೋಡೆಗೆ ಬಡಿದು ದಟ್ಟವಾಗಿ ವಾಪಸು ಬರುತ್ತದೆ. ಅದೇ ಆವರಣದ ವನರಂಗದಲ್ಲಿ ಅದು ಮೇಲಕ್ಕೆ ಹಾರಿಹೋಗುತ್ತದೆ. ಜನ ನಕ್ಕೇ ಇರುತ್ತಾರೆ, ನಿಮಗೆ ಕೇಳಿಸುವುದು ಅರ್ಧ. ಅಲ್ಲಿ ಕೇಳಿಸುವ ನಗುವಿಗೆ ಕಾಯುತ್ತ ಕೂತರೆ ಸೀನು ಜೋತುಬೀಳುತ್ತದೆ, ಜನ ನಗಲಿಲ್ಲ ಎಂಬ ಗಾಬರಿಗೆ ಆಟ ದೊಡ್ಡದು ಮಾಡಿದರೆ ಇನ್ನೂ ಕೆಡುತ್ತದೆ. ಬಯಲಿನಲ್ಲಿ ಕಾಯುವುದು ಕಡಿಮೆ, ಮಾತು ಸ್ಪಷ್ಟ.

ಮಂಡ್ಯದ ಮಾತು

ಬೆಂಗಳೂರಿನ ಕ್ಯಾಸ್ಟಿಂಗ್‌ನವರು ನಿಮ್ಮನ್ನು ಕರೆಯುವುದು ಬಹುಶಃ ಈ ಮಾತಿಗಾಗಿಯೇ. ಇದು ಬಂಡವಾಳ, ಕಾಪಾಡಿಕೊಳ್ಳಿ. ಸ್ಕ್ರಿಪ್ಟ್ ಬರೆಯುವವರಿಗೆ ಮಂಡ್ಯದ ಭಾಷೆ ಅಂದರೆ ಪ್ರತಿ ವಾಕ್ಯದ ಕೊನೆಗೆ ಒಂದು ‘ಕಣ್ಲಾ’, ನಡುವೆ ಒಂದು ಬೈಗುಳ. ನಿಜದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಲಾ’ ಸಲಿಗೆಯ ಗಂಡಸಿಗೆ, ಹುಡುಗನಿಗೆ. ಹುಡುಗಿಗೆ ‘ಅಮ್ಮಿ’. ಹಿರಿಯರಿಗೆ ಎರಡೂ ಇಲ್ಲ, ‘ಬನ್ನಿ ಅಣ್ಣ’, ‘ಏನ್ ಅತ್ತೆಮ್ಮ’ ಅನ್ನುತ್ತಾರೆ. ಸೊಸೆ ಮಾವನಿಗೆ ‘ಕಣ್ಲಾ’ ಅಂದರೆ ಊರಿನವರಿಗೆ ಅದು ತಮಾಷೆಯಲ್ಲ, ತಪ್ಪು.

ಹಕಾರದ ವಿಚಾರವೂ ಹಾಗೇ. ‘ಹಾಲು’ ‘ಆಲು’ ಆಗುತ್ತದೆ, ‘ಹೆಂಗೆ’ ‘ಎಂಗೆ’ ಆಗುತ್ತದೆ. ಇದನ್ನು ಎಲ್ಲ ಪದಕ್ಕೂ ಹಚ್ಚಿದರೆ ಮಾತೇ ಅರ್ಥವಾಗದು. ಹಕಾರ ಇಲ್ಲದ ಕಡೆ ಸೇರಿಸಿ ನಗಿಸುವುದು ಹಳೆಯ ಸರಕು, ಹಳ್ಳಿಯವಳು ದಡ್ಡಿ ಅಂತ ತೋರಿಸುವುದಕ್ಕೆ ಮಾತ್ರ ಆಗಿಬರುತ್ತದೆ. ಈ ಭಾಷೆಯ ಹಾಸ್ಯ ಉಚ್ಚಾರಣೆಯಲ್ಲಿ ಅಷ್ಟಾಗಿ ಇಲ್ಲ. ಬೈಯುವಾಗಲೂ ಉಪಚಾರ ಬಿಡದ ಗತ್ತಿನಲ್ಲಿದೆ. ‘ಬಾ, ಕುಂತ್ಕೊ, ಮೊದ್ಲು ಮುದ್ದೆ ಉಣ್ಣು, ಆಮ್ಯಾಕ್ ಉಗೀತೀನಿ’ ಅನ್ನುವ ಧಾಟಿ ಹಿಡಿದರೆ ಬೈಗುಳವೇ ಬೇಕಾಗುವುದಿಲ್ಲ. ಚಾಮರಾಜನಗರದ ಕಡೆಯ ಪಾತ್ರ ಬಂದರೆ ಮಂಡ್ಯದ್ದನ್ನೇ ತಿರುವಿ ಹಾಕಬೇಡಿ. ‘ಕಣ’ ಅಲ್ಲಿ ‘ಕನ’, ಮೇಲಾಗಿ ಎಳೆಯುವ ರಾಗವೇ ಬೇರೆ. ಅಲ್ಲಿಯವರೊಬ್ಬರಿಂದ ಆ ಸೀನಿನ ಮಾತುಗಳನ್ನು ಫೋನಿನಲ್ಲಿ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುವುದು ಅರ್ಧ ಗಂಟೆಯ ಕೆಲಸ.

ದನಿಯಲ್ಲೊಂದು ಅಪಾಯವಿದೆ. ಅಜ್ಜಿ ಪಾತ್ರಕ್ಕೆ ಗಂಟಲು ಹಿಸುಕಿ ಕರಕರ ದನಿ ತೆಗೆಯುವವರು ಬೇಗ ಕೆಡುತ್ತಾರೆ. ವಯಸ್ಸು ದನಿಗಿಂತ ಉಸಿರಿನಲ್ಲಿ ಕಾಣುತ್ತದೆ. ಒಂದೇ ಉಸಿರಿಗೆ ಹೇಳುವ ವಾಕ್ಯವನ್ನು ಮೂರು ಉಸಿರಿಗೆ ಒಡೆಯಿರಿ, ನಾಲಿಗೆ ಸ್ವಲ್ಪ ಮುಂದಕ್ಕೆ ತಂದು ಮಾತಾಡಿ, ಹಲ್ಲಿಲ್ಲದ ಬಾಯಿಯಂತೆ ಕೇಳುತ್ತದೆ, ಗಂಟಲಿಗೆ ಭಾರವಿಲ್ಲ. ಗೊಗ್ಗರು ಎರಡು ಮೂರು ವಾರವಾದರೂ ಹೋಗದಿದ್ದರೆ ಶುಂಠಿ ಕಷಾಯ ಕುಡಿಯುತ್ತ ಕೂರಬೇಡಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತಪಾಸಣೆ, ಚಿಕಿತ್ಸೆ ಇದೆ. ದೇಶದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ, ನಮಗೆ ಸಿಟಿ ಬಸ್ಸಿನ ದೂರ.

ವೇಷ

ರಂಗಕ್ಕೆ ದಪ್ಪ ಹೆಂಗಸಾಗಲು ಬಟ್ಟೆ ತುರುಕಬೇಡಿ, ಎರಡನೇ ಅಂಕಕ್ಕೆ ಜಾರಿ ಸೊಂಟಕ್ಕೆ ಬರುತ್ತದೆ. ಒಂದು ಇಂಚು ದಪ್ಪದ ಫೋಮ್ ಶೀಟನ್ನು ಬಿಗಿಯಾದ ಹತ್ತಿ ಬನಿಯನ್ನಿಗೆ ನಾಲ್ಕೂ ಕಡೆ ಹೊಲಿದುಬಿಟ್ಟರೆ ಹತ್ತಾರು ಪ್ರದರ್ಶನ ಬಾಳುತ್ತದೆ. ಬೆವರು ಹೀರಲು ಒಳಗೊಂದು ತೆಳು ಬನಿಯನ್ ಇರಲಿ. ಸುಕ್ಕಿಗೆ ಕಂದು ಪೆನ್ಸಿಲ್. ಕಪ್ಪು ಗೆರೆ ದೂರಕ್ಕೆ ಮೀಸೆಯಂತೆ ಕಾಣುತ್ತದೆ. ನರೆಗೂದಲಿಗೆ ಬಿಳಿ ಬೂಟ್ ಪಾಲಿಶ್ ಹಚ್ಚುವ ಹಳೆಯ ಚಟ ಬಿಡಿ, ನೀರಿನಲ್ಲಿ ಕರಗುವ ಬಿಳಿ ಬಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೈತಲೆ, ಕಿವಿಯ ಪಕ್ಕ ಮಾತ್ರ ಎಳೆಯಿರಿ. ಕ್ಯಾಮೆರಾದ ಮುಂದೆ ಇದರಲ್ಲಿ ಯಾವುದೂ ನಡೆಯದು. ಅಲ್ಲಿ ವೇಷ ಮೇಕಪ್‌ನವರ ಕೈಯಲ್ಲಿ.

ಶೂಟಿಂಗ್ ಮನೆಯಲ್ಲಿ

ರಂಗದಿಂದ ಬಂದವರು ಮೊದಲ ವಾರ ಕೇಳುವ ಮಾತು ಒಂದೇ: ‘ಸ್ವಲ್ಪ ಕಮ್ಮಿ ಮಾಡಿ ಮೇಡಂ.’ ಕಮ್ಮಿ ಎಂದರೆ ಮಂಕಾಗುವುದಲ್ಲ. ಒಳಗಿನ ಹಟ ಅಷ್ಟೇ ಇರಬೇಕು, ಹೊರಗಿನ ಅಳತೆ ಕಿರಿದಾಗಬೇಕು. ಪ್ರತಿ ಶಾಟಿಗೆ ಮುಂಚೆ ಕ್ಯಾಮೆರಾದವರನ್ನು ಕೇಳಿ, ‘ಕ್ಲೋಸಾ, ಮಿಡ್ಡಾ, ವೈಡಾ?’ ಕ್ಲೋಸ್ ಆದರೆ ಕೈ ಕಾಣುವುದಿಲ್ಲ, ಕೈಯಲ್ಲಿ ಮಾಡಿದ್ದೆಲ್ಲ ದಂಡ. ಹುಬ್ಬು ಎತ್ತಿದರೆ ಅದೇ ಕಿರುಚಿದಷ್ಟು. ಕಣ್ಣಿನ ರೆಪ್ಪೆ ಬಡಿಯದೆ ನೋಡುವುದು ಸಾಕು. ತಲೆ ಅಲ್ಲಾಡಿಸುವ ಚಟವಿದ್ದರೆ ಮನೆಯಲ್ಲಿ ಫೋನ್ ನಿಲ್ಲಿಸಿಕೊಂಡು ಬಿಡಿಸಿಕೊಳ್ಳಿ, ಫ್ರೇಮಿನಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ.

ಇಲ್ಲಿ ನಗುವ ಜನರಿಲ್ಲ. ಲೈಟ್ ಬಾಯ್ ನಕ್ಕ ಅಂತ ಹಿಗ್ಗಬೇಡಿ, ಆತ ನಗದಿದ್ದರೂ ಕುಗ್ಗಬೇಡಿ. ನಗು ಹುಟ್ಟುವುದು ಎಡಿಟಿಂಗ್‌ನಲ್ಲಿ, ಅದಕ್ಕೆ ಬೇಕಾದ ಜಾಗ ನೀವು ಬಿಡಬೇಕು. ಮಾತು ಮುಗಿದ ಮೇಲೆ ಎರಡು ಮೂರು ಸೆಕೆಂಡು ಪಾತ್ರದಲ್ಲೇ ನಿಲ್ಲಿ, ‘ಕಟ್’ ಕೇಳುವವರೆಗೆ ಮುಖ ಸಡಿಲ ಬಿಡಬೇಡಿ. ಎದುರಿನವರ ಮಾತಿನ ಮೇಲೆ ನಿಮ್ಮ ಮಾತು ಹತ್ತಿಸಿದರೆ ಎಡಿಟರ್ ಕತ್ತರಿಸಲಾರದೆ ನಿಮ್ಮ ಕ್ಲೋಸನ್ನೇ ಬಿಟ್ಟುಬಿಡುತ್ತಾರೆ. ಹಾಸ್ಯ ಪಾತ್ರಕ್ಕೆ ಹೆಸರು ತರುವುದು ಮಾತಿಗಿಂತ ರಿಯಾಕ್ಷನ್ ಶಾಟು. ಅದನ್ನು ಸಾಮಾನ್ಯವಾಗಿ ದಿನದ ಕೊನೆಗೆ ಅವಸರದಲ್ಲಿ ಎಳೆದುಕೊಳ್ಳುತ್ತಾರೆ. ಎದುರಿನ ನಟ ಮನೆಗೆ ಹೋಗಿರುತ್ತಾನೆ, ಅಸಿಸ್ಟೆಂಟ್ ಒಬ್ಬರು ಗೋಡೆಯ ಪಕ್ಕ ನಿಂತು ಓದುತ್ತಾರೆ. ಆ ಹೊತ್ತಿಗೆ ಶಕ್ತಿ ಉಳಿಸಿಕೊಂಡವಳು ಗೆದ್ದಳು.

ಪ್ರಾಂಪ್ಟಿಂಗ್ ಇನ್ನೊಂದು ತೊಡಕು. ಬಹಳ ಸೆಟ್ಟುಗಳಲ್ಲಿ ಮಾತನ್ನು ಹಿಂದಿನಿಂದ ಹೇಳಿಕೊಡುತ್ತಾರೆ. ಕೇಳಿಸಿಕೊಂಡು ಹೇಳುವ ಆ ಚೂರು ವಿಳಂಬ ಅಳುವ ಪಾತ್ರಕ್ಕೆ ನಡೆಯುತ್ತದೆ, ಹಾಸ್ಯಕ್ಕೆ ಸಾವು. ಬೆಳಿಗ್ಗೆ ಮೇಕಪ್‌ಗೆ ಕೂತಾಗಲೇ ಸೀನ್ ಪೇಪರ್ ಈಸಿಕೊಂಡು ಕನಿಷ್ಠ ನಗಿಸುವ ಮಾತುಗಳನ್ನಾದರೂ ಬಾಯಿಪಾಠ ಮಾಡಿ, ಆ ಮಾತಿಗೆ ಪ್ರಾಂಪ್ಟ್ ಬೇಡ ಅಂತ ಮೊದಲೇ ಹೇಳಿಡಿ. ಕಣ್ಣು ಪ್ರಾಂಪ್ಟ್ ಕೊಡುವವರ ಕಡೆ ಹೋದರೆ ಕ್ಲೋಸಿನಲ್ಲಿ ಕಳ್ಳತನ ಸಿಕ್ಕಿಬೀಳುತ್ತದೆ.

ಸಿಂಕ್ ಸೌಂಡ್ (ಶೂಟಿಂಗ್ ವೇಳೆಯಲ್ಲೇ ಮಾತು ರೆಕಾರ್ಡ್ ಮಾಡುವುದು) ಇದ್ದರೆ ಗಾಜಿನ ಬಳೆ, ದಪ್ಪ ಜರಿಯ ರೇಷ್ಮೆ, ಉದ್ದನೆಯ ಸರ ಮೂರೂ ಮೈಕಿಗೆ ಶತ್ರು. ಸೆರಗಿನ ಒಳಮಡಿಕೆಯಲ್ಲಿ ಕಾಲರ್ ಮೈಕ್ ಸಿಕ್ಕಿಸಿದ ಮೇಲೆ ಎದೆ ಬಡಿದುಕೊಳ್ಳುವ ಅಭಿನಯ ಬೇಡ. ಡಬ್ಬಿಂಗ್ ಇದ್ದರೆ ನಿಮ್ಮ ದನಿಯನ್ನು ನೀವೇ ಕೊಡುತ್ತೀರೆಂದು ಒಪ್ಪಿಕೊಳ್ಳುವಾಗಲೇ ಹೇಳಿಬಿಡಿ. ಮಂಡ್ಯದ ಮಾತಿಗೆಂದು ಕರೆದು ಬೇರೆಯವರಿಂದ ಡಬ್ ಮಾಡಿಸಿದರೆ ಉಳಿಯುವುದೇನು? ಕಂಟಿನ್ಯೂಟಿಗೆ ಪ್ರತಿ ಸೀನು ಮುಗಿದಾಗ ಫೋನಿನಲ್ಲಿ ಒಂದು ಫೋಟೊ: ಕುಂಕುಮದ ಅಳತೆ, ಸೆರಗು ಯಾವ ಕಡೆ, ಚೀಲ ಯಾವ ಕೈ.

ಕರೆ, ಪ್ರಯಾಣ, ದುಡ್ಡು

ಪರಿಚಯದ ವಿಡಿಯೊ ಎರಡು ನಿಮಿಷ ಮೀರಬಾರದು. ಹೆಸರು, ಊರು, ಎತ್ತರ, ಎಡ ಬಲ ಮುಖ, ಇಪ್ಪತ್ತು ಸೆಕೆಂಡು. ಆಮೇಲೆ ಒಂದು ಹಾಸ್ಯದ ತುಣುಕು, ಒಂದು ಗಂಭೀರದ ತುಣುಕು. ಎರಡನೆಯದನ್ನು ಬಿಡಬೇಡಿ, ಒಂದೇ ಅಚ್ಚಿಗೆ ಬೀಳದಿರಲು ಅದೇ ದಾರಿ. ರಿಯಾಲಿಟಿ ಶೋನಿಂದ ತೆಗೆದ ಸ್ಕಿಟ್ ಮಾಡಬೇಡಿ, ನೋಡುವವರು ಅದನ್ನು ಅವತ್ತೇ ಹತ್ತು ಸಲ ನೋಡಿರುತ್ತಾರೆ. ಆಡಿಷನ್‌ಗೆ, ಪೋರ್ಟ್‌ಫೋಲಿಯೊಗೆ, ‘ಆರ್ಟಿಸ್ಟ್ ಕಾರ್ಡಿಗೆ’ ಅಂತ ಮುಂಚೆ ದುಡ್ಡು ಕೇಳಿದರೆ ಫೋನ್ ಇಡಿ. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು.

ಶೂಟಿಂಗ್ ಹೆಚ್ಚಿನಂಶ ಬೆಂಗಳೂರಿನಲ್ಲೇ. ಮಂಡ್ಯದಿಂದ ಸುಮಾರು 100 ಕಿಲೋಮೀಟರು, ಮೈಸೂರಿನಿಂದ ಸುಮಾರು 140. ನಾಗರಬಾವಿ, ರಾಜರಾಜೇಶ್ವರಿನಗರದ ಕಡೆ ಕೆಲಸವಿದ್ದರೆ ಮೆಜೆಸ್ಟಿಕ್‌ವರೆಗೆ ಹೋಗದೆ ಕೆಂಗೇರಿಯಲ್ಲೇ ಇಳಿಯಿರಿ, ಅಲ್ಲಿ ಮೆಟ್ರೊ ಇದೆ. ಬೆಳಗಿನ ಏಳರ ಕಾಲ್‌ಟೈಮಿಗೆ ಬೆಳಗಿನ ರೈಲು ನಂಬಿದರೆ ಆಗದು, ಹಿಂದಿನ ರಾತ್ರಿಯೇ ಹೋಗಬೇಕು. ಸ್ಕೂಟರಿನಲ್ಲಿ ಹೋಗುವ ಯೋಚನೆ ಇದ್ದರೆ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಕ್ಕೆ ನಿಷೇಧವಿದೆ, ಸರ್ವಿಸ್ ರಸ್ತೆಯೇ ಗತಿ. ಉಳಿಯುವ ಖರ್ಚು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಸಂಭಾವನೆ ಹೇಳಿ. ತಿಂಗಳಿಗೆ ನಾಲ್ಕು ದಿನದ ಪಾತ್ರಕ್ಕಾಗಿ ಊರು ಬಿಡುವುದು ನಷ್ಟದ ಬಾಬತ್ತು.

ಮಾತುಕತೆಯಲ್ಲಿ ದಿನದ ಪೇಮೆಂಟಿಗಿಂತ ಮುಖ್ಯವಾದದ್ದು ತಿಂಗಳಿಗೆ ಕನಿಷ್ಠ ಎಷ್ಟು ದಿನ ಎಂಬುದು. ಹಾಸ್ಯ ಪಾತ್ರವನ್ನು ಕಥೆಗಾರರು ಬೇಕಾದಾಗ ಊರಿಗೆ ಕಳಿಸುತ್ತಾರೆ, ಬೇಕಾದಾಗ ಕರೆಸುತ್ತಾರೆ. ಸೀರೆ ಯಾರದು ಎಂದೂ ಕೇಳಿ. ಪೋಷಕ ಪಾತ್ರದವರು ತಮ್ಮದೇ ಬಟ್ಟೆ ತರುವುದು ಸಾಮಾನ್ಯ, ಹತ್ತು ಹನ್ನೆರಡು ಸೀರೆ, ಹೊಂದುವ ರವಿಕೆಗಳ ಖರ್ಚು ಮೊದಲೇ ಬೀಳುತ್ತದೆ. ಪೇಮೆಂಟು ಕೆಲಸ ಮಾಡಿದ ಎರಡು ಮೂರು ತಿಂಗಳ ಮೇಲೆ ಬರುವುದೂ ಉಂಟು, ಅಷ್ಟು ದಿನದ ಮನೆಖರ್ಚು ಕೈಯಲ್ಲಿರಬೇಕು. ಶೇಕಡ 10 ಟಿಡಿಎಸ್ (ಪೇಮೆಂಟಿನಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ದಿನಕ್ಕೆ 3,000 ಎಂದು ಒಪ್ಪಿದ್ದು ಕೈಗೆ 2,700. ಪ್ಯಾನ್ ಕೊಡದಿದ್ದರೆ ಶೇಕಡ 20 ಹೋಗುತ್ತದೆ. ತೆರಿಗೆ ಕಟ್ಟುವಷ್ಟು ವರಮಾನ ಇಲ್ಲದವರೂ ರಿಟರ್ನ್ ಸಲ್ಲಿಸಿದರೆ ಹಿಡಿದದ್ದು ವಾಪಸು ಸಿಗುತ್ತದೆ. ಎಷ್ಟೋ ಕಲಾವಿದೆಯರು ಇದನ್ನು ಬಿಟ್ಟೇಬಿಡುತ್ತಾರೆ.

ದ್ವಂದ್ವಾರ್ಥದ ಮಾತು, ಮೈಕಟ್ಟನ್ನು ಹೀಯಾಳಿಸುವ ಮಾತು ಸ್ಕ್ರಿಪ್ಟಿನಲ್ಲಿ ಬಂದೇ ಬರುತ್ತದೆ. ಬೇಡವೆಂದಷ್ಟೇ ಅಂದರೆ ಹಟಮಾರಿ ಅನ್ನಿಸಿಕೊಳ್ಳುತ್ತೀರಿ. ಅದೇ ಜಾಗಕ್ಕೆ ಅದಕ್ಕಿಂತ ನಗು ಬರುವ ಇನ್ನೊಂದು ಮಾತು ಹಿಡಿದುಕೊಂಡು ಹೋಗಿ, ಬಹಳ ಸಲ ಡೈರೆಕ್ಟರ್ ಒಪ್ಪುತ್ತಾರೆ. ಸ್ಕ್ರಿಪ್ಟಿನ ಹೊರಗಿನ ಕಿರುಕುಳ ಬೇರೆ ವಿಚಾರ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ದೂರು ಸಮಿತಿ ಇರಲೇಬೇಕು, ಇಲ್ಲದ ಕಡೆಯವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರನ್ನು ಮೂರು ತಿಂಗಳೊಳಗೆ ಬರಹದಲ್ಲಿ ಕೊಡಬೇಕು.

ಕೊನೆಗೆ ಕಾಗದಪತ್ರ. ಪ್ರತಿ ನಾಟಕದ ಆಹ್ವಾನ ಪತ್ರಿಕೆ, ಕರಪತ್ರ, ನಿಮ್ಮ ಹೆಸರಿರುವ ಪತ್ರಿಕೆಯ ತುಣುಕು, ವೇಷದ ಫೋಟೊ, ಪೇಮೆಂಟ್ ವೋಚರು ಇವನ್ನು ವರ್ಷವಾರು ಒಂದು ಫೈಲಿಗೆ ಹಾಕಿ, ಹಿಂದೆ ದಿನಾಂಕ, ಊರು, ಪಾತ್ರದ ಹೆಸರು ಬರೆಯಿರಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಅರ್ಜಿ ಹಾಕುವಾಗ ಕೇಳುವುದು ವರ್ಷಗಟ್ಟಲೆ ದುಡಿದದ್ದಕ್ಕೆ ಪುರಾವೆ. ಪೆಂಡಾಲಿನ ನಾಟಕಗಳಿಗೆ ಹಳೆಯ ಕರಪತ್ರ ಬಿಟ್ಟರೆ ಬೇರೆ ಸಾಕ್ಷಿ ಸಿಗುವುದು ಕಷ್ಟ. ನಾಟಕ ಮುಗಿದ ರಾತ್ರಿಯೇ ಎರಡು ಪ್ರತಿ ಈಸಿಕೊಂಡು ಬನ್ನಿ.